ದಕ್ಷ ಬ್ಯಾಂಕಿಗೆ ಸಿಕ್ಕ ಫಲವೇನು? ಕರಾವಳಿಯ ಐದು ಬ್ಯಾಂಕುಗಳ ಪ್ರಕರಣ

ಸರ್ಕಾರಿ ಬ್ಯಾಂಕು ನಿಧಾನ, ಖಾಸಗಿ ಬ್ಯಾಂಕು ಚುರುಕು, ವಿದೇಶಿ ಬ್ಯಾಂಕು ಇನ್ನೂ ಚುರುಕು. ಈ ಮಾತು ಕೇಳದವರಿಲ್ಲ. ಸರಾಸರಿ ಅಂಕಿಗಳನ್ನು ನೋಡಿದರೆ ಅದು ನಿಜವೆಂದೇ ಅನಿಸುತ್ತದೆ. 2018ರ ಮಾರ್ಚ್ ಕೊನೆಗೆ ಸರ್ಕಾರಿ ಬ್ಯಾಂಕುಗಳು ಕೊಟ್ಟ ನೂರು ರೂಪಾಯಿ ಸಾಲದಲ್ಲಿ ಹದಿನಾಲ್ಕೂವರೆ ರೂಪಾಯಿಗೂ ಜಾಸ್ತಿ ಎನ್‌ಪಿಎ ಆಗಿತ್ತು, ಅಂದರೆ ಕಂತು ಬಾರದೆ ನಿಂತುಹೋಗಿತ್ತು. ಖಾಸಗಿ ಬ್ಯಾಂಕುಗಳಲ್ಲಿ ಅದು ಐದು ರೂಪಾಯಿಗಿಂತ ಕಡಿಮೆ. ವಿದೇಶಿ ಬ್ಯಾಂಕುಗಳಲ್ಲಿ ನಾಲ್ಕಕ್ಕಿಂತ ಕಡಿಮೆ. ಇಷ್ಟು ನೋಡಿದ ಮೇಲೆ ತೀರ್ಪು ಕೊಡುವುದು ಸುಲಭ ಅಲ್ವಾ?

ಆದರೆ ಈ ಮೂರು ಗುಂಪುಗಳು ಹುಟ್ಟಿದ ಕಾಲ ಬೇರೆ, ಊರು ಬೇರೆ, ಗಿರಾಕಿಗಳು ಬೇರೆ, ಮೇಲಿರುವ ಕಟ್ಟುಪಾಡುಗಳೂ ಬೇರೆ. ವ್ಯತ್ಯಾಸ ಬಂದದ್ದು ಮಾಲೀಕರಿಂದಲೋ ಅಥವಾ ಇವುಗಳಿಂದಲೋ ಎಂದು ಸರಾಸರಿ ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಒಂದೇ ನೆಲದಲ್ಲಿ, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಹುಟ್ಟಿ, ಒಂದೇ ಬಗೆಯ ಜನರಿಂದ ಬೆಳೆದು, ಆಮೇಲೆ ಬೇರೆ ಬೇರೆ ಮಾಲೀಕರ ಕೈ ಸೇರಿದ ಬ್ಯಾಂಕುಗಳು ಬೇಕು. ಅಂಥವು ನಮ್ಮಲ್ಲೇ ಇದ್ದವು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಐದು ಬ್ಯಾಂಕುಗಳ ಕಥೆ ಇದು. ನಡುವೆ ಒಂದು ವಿದೇಶಿ ಬ್ಯಾಂಕನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ.

ಐದು ಬ್ಯಾಂಕುಗಳು, ಎರಡು ಗೆರೆಗಳು

1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಶುರುವಾದದ್ದು ಕಾರ್ಪೊರೇಷನ್ ಬ್ಯಾಂಕ್. ಮೊದಲ ಬಂಡವಾಳ ಐದು ಸಾವಿರ ರೂಪಾಯಿ. ಮೊದಲ ದಿನ ಜಮೆಯಾದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಮುಂದೆ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ತೆರೆದದ್ದು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1931ರಲ್ಲಿ ಎ.ಬಿ. ಶೆಟ್ಟಿಯವರ ನೇತೃತ್ವದಲ್ಲಿ ವಿಜಯಾ ಬ್ಯಾಂಕ್.

ಐದೂ ಖಾಸಗಿ ಬ್ಯಾಂಕುಗಳೇ. ಐದರ ಹಿಂದೆಯೂ ಕೃಷಿ, ವ್ಯಾಪಾರ, ಹೋಟೆಲು ಮಾಡಿಕೊಂಡಿದ್ದ ಜನ ಇದ್ದರು. ಐದೂ ಸಣ್ಣ ಠೇವಣಿಯಿಂದಲೇ ಬೆಳೆದವು.

ಆಮೇಲೆ ದಿಲ್ಲಿಯಲ್ಲಿ ಎರಡು ಗೆರೆ ಎಳೆಯಲಾಯಿತು. 1969ರ ಜುಲೈ 19ರಂದು 50 ಕೋಟಿಗಿಂತ ಜಾಸ್ತಿ ಠೇವಣಿಯಿದ್ದ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಕೆನರಾ ಮತ್ತು ಸಿಂಡಿಕೇಟ್ ಅದರಲ್ಲಿ ಸೇರಿದವು. 1980ರ ಏಪ್ರಿಲ್ 15ರಂದು ಎಳೆದ ಗೆರೆ 200 ಕೋಟಿಯದು. ಅಂದು ಆರು ಬ್ಯಾಂಕುಗಳು ಸರ್ಕಾರಕ್ಕೆ ಹೋದವು, ಕಾರ್ಪೊರೇಷನ್ ಮತ್ತು ವಿಜಯಾ ಆ ಪಟ್ಟಿಯಲ್ಲಿದ್ದವು. ಕರ್ಣಾಟಕ ಬ್ಯಾಂಕ್ ಎರಡೂ ಸಲ ಗೆರೆಯ ಕೆಳಗೇ ಉಳಿಯಿತು. ಅದು ಖಾಸಗಿಯಾಗಿಯೇ ಉಳಿದದ್ದು ಗಾತ್ರದ ಕಾರಣಕ್ಕೆ. ದಕ್ಷತೆಯನ್ನು ನೋಡಿ ಯಾರೂ ಅದನ್ನು ಬಿಟ್ಟದ್ದಲ್ಲ. ಹಾಗಾಗಿಯೇ ಈ ಹೋಲಿಕೆಗೆ ಬೆಲೆ ಇದೆ.

2018ರ ಮಾರ್ಚ್ 31

ಐದೂ ಬ್ಯಾಂಕುಗಳು ತಮ್ಮ ತಮ್ಮ ಹೆಸರಿನಲ್ಲಿ ಬದುಕಿದ್ದ ಕೊನೆಯ ವರ್ಷಗಳಲ್ಲಿ ಇದು ಎಲ್ಲಕ್ಕಿಂತ ಕಠಿಣವಾದದ್ದು. ರಿಸರ್ವ್ ಬ್ಯಾಂಕ್ 2015ರಲ್ಲಿ ಶುರುಮಾಡಿದ ಆಸ್ತಿ ಗುಣಮಟ್ಟದ, ಅಂದರೆ ಕೊಟ್ಟ ಸಾಲಗಳ ಗುಣಮಟ್ಟದ ತಪಾಸಣೆಯಿಂದ ಮುಚ್ಚಿಟ್ಟಿದ್ದ ಕೆಟ್ಟ ಸಾಲಗಳು ಹೊರಬರುತ್ತಿದ್ದವು. 2018ರ ಫೆಬ್ರವರಿ 12ರ ಸುತ್ತೋಲೆ ಬಂದ ಮೇಲೆ ಸಾಲವನ್ನು ‘ಮರುಹೊಂದಾಣಿಕೆ’ ಎಂಬ ಹೆಸರಿನಲ್ಲಿ ಮುಂದೂಡುವ ದಾರಿಗಳೂ ಮುಚ್ಚಿದವು. ಎಲ್ಲರ ಲೆಕ್ಕವೂ ಒಂದೇ ಕಟ್ಟುನಿಟ್ಟಿನ ಬೆಳಕಿಗೆ ಬಂದ ವರ್ಷ ಅದು. ಹೋಲಿಸಲು ಇದಕ್ಕಿಂತ ಒಳ್ಳೆಯ ವರ್ಷ ಸಿಗುವುದಿಲ್ಲ.

ಆ ವರ್ಷ ಕೆನರಾ ಬ್ಯಾಂಕಿಗೆ 4,222 ಕೋಟಿ ರೂಪಾಯಿ ನಷ್ಟ, ಒಟ್ಟು ಎನ್‌ಪಿಎ ಶೇ 11.84. ಸಿಂಡಿಕೇಟಿಗೆ 3,223 ಕೋಟಿ ನಷ್ಟ, ಎನ್‌ಪಿಎ ಶೇ 11.53. ಕಾರ್ಪೊರೇಷನ್ ಬ್ಯಾಂಕಿಗೆ 4,054 ಕೋಟಿ ನಷ್ಟ, ಎನ್‌ಪಿಎ ಶೇ 17.35. ಕರ್ಣಾಟಕ ಬ್ಯಾಂಕಿಗೆ ಸುಮಾರು 326 ಕೋಟಿ ಲಾಭ, ಎನ್‌ಪಿಎ ಶೇ 4.92.

ಇಲ್ಲಿಗೇ ನಿಲ್ಲಿಸಿದರೆ ಕಥೆ ಸಲೀಸು. ಸರ್ಕಾರದ ಕೈಗೆ ಹೋದವು ಮುಳುಗಿದವು, ಹೋಗದ್ದು ಉಳಿಯಿತು.

ಆದರೆ ಐದನೆಯದೊಂದಿದೆ. ಸರ್ಕಾರಿ ಬ್ಯಾಂಕಾದ ವಿಜಯಾಕ್ಕೆ ಆ ವರ್ಷ 727 ಕೋಟಿ ಲಾಭ ಬಂತು. ಎನ್‌ಪಿಎ ಶೇ 6.34. ದೇಶದ ಸರ್ಕಾರಿ ಬ್ಯಾಂಕುಗಳಲ್ಲಿ ಆ ವರ್ಷ ಲಾಭ ತೋರಿಸಿದ್ದು ಎರಡೇ, ಇಂಡಿಯನ್ ಬ್ಯಾಂಕ್ ಮತ್ತು ವಿಜಯಾ. ಆಸ್ತಿಗೆ ಹೋಲಿಸಿ ನೋಡಿದರೆ ವಿಜಯಾ ಮತ್ತು ಕರ್ಣಾಟಕ ಬ್ಯಾಂಕಿನ ಲಾಭದ ಪ್ರಮಾಣ ಹೆಚ್ಚು ಕಡಿಮೆ ಒಂದೇ. ನೂರು ರೂಪಾಯಿ ಆಸ್ತಿಗೆ ಅರ್ಧ ರೂಪಾಯಿಯ ಆಸುಪಾಸು. ಹೊಸ ತಲೆಮಾರಿನ ದೊಡ್ಡ ಖಾಸಗಿ ಬ್ಯಾಂಕಾದ ಎಚ್‌ಡಿಎಫ್‌ಸಿಗೆ ಆಗ ಹೆಚ್ಚು ಕಡಿಮೆ ಎರಡು ರೂಪಾಯಿ ಬರುತ್ತಿತ್ತು. ವಿದೇಶಿ ಬ್ಯಾಂಕುಗಳ ಸರಾಸರಿಯೂ ಒಂದು ರೂಪಾಯಿಗಿಂತ ಜಾಸ್ತಿ. ಅಂದರೆ ಖಾಸಗಿಯಾದ ಕರ್ಣಾಟಕ ಬ್ಯಾಂಕ್, ಖಾಸಗಿಯೇ ಆದ ಎಚ್‌ಡಿಎಫ್‌ಸಿಗಿಂತ ಸರ್ಕಾರಿ ವಿಜಯಾಕ್ಕೆ ಹೆಚ್ಚು ಹತ್ತಿರವಿತ್ತು.

ತಲಾ ವಹಿವಾಟು ಎಂಬ ಅಳತೆ

ಬ್ಯಾಂಕುಗಳ ದಕ್ಷತೆ ಅಳೆಯುವಾಗ ಮೊದಲು ಕೈಗೆ ಸಿಗುವ ಅಂಕಿ ಸಿಬ್ಬಂದಿಯ ತಲಾ ವಹಿವಾಟು. ಠೇವಣಿಯನ್ನೂ ಸಾಲವನ್ನೂ ಕೂಡಿಸಿ ನೌಕರರ ಸಂಖ್ಯೆಯಿಂದ ಭಾಗಿಸುತ್ತಾರೆ. ಕಾರ್ಪೊರೇಷನ್ ಬ್ಯಾಂಕನ್ನು ಯೂನಿಯನ್ ಬ್ಯಾಂಕಿಗೆ ಸೇರಿಸುವ ಘೋಷಣೆಯಾದಾಗ ಅದರ ವಹಿವಾಟು 3.19 ಲಕ್ಷ ಕೋಟಿ, ನೌಕರರು 17,776. ತಲೆಗೆ ಸುಮಾರು 18 ಕೋಟಿ. ವಿಜಯಾ ಬ್ಯಾಂಕಿನ ವಿಲೀನ ಘೋಷಣೆಯ ಹೊತ್ತಿಗೆ ಅದರ ವಹಿವಾಟು 2.79 ಲಕ್ಷ ಕೋಟಿ, ನೌಕರರು 15,874. ತಲೆಗೆ ಹದಿನೇಳೂವರೆ ಕೋಟಿ. ಸಿಂಡಿಕೇಟ್ ಬ್ಯಾಂಕಿನಲ್ಲಿ ಈ ಅಂಕಿ 15 ಕೋಟಿಯಷ್ಟು. ಕರ್ಣಾಟಕ ಬ್ಯಾಂಕ್ 2018ರಲ್ಲಿ ಎಂಟು ಸಾವಿರದಷ್ಟು ನೌಕರರನ್ನು ಇಟ್ಟುಕೊಂಡು 1.10 ಲಕ್ಷ ಕೋಟಿ ವಹಿವಾಟು ಮಾಡುತ್ತಿತ್ತು. ತಲೆಗೆ ಹದಿಮೂರು ಕೋಟಿಯ ಆಸುಪಾಸು.

ಈ ಅಳತೆಯಲ್ಲಿ ಎಲ್ಲರಿಗಿಂತ ಮುಂದಿರುವುದು ಯಾರು? ಎಲ್ಲರಿಗಿಂತ ಜಾಸ್ತಿ ಸಾಲ ಕೆಟ್ಟುಹೋದ ಕಾರ್ಪೊರೇಷನ್ ಬ್ಯಾಂಕ್. ಕೊನೆಯಲ್ಲಿರುವುದು ಯಾರು? ಎಲ್ಲರಿಗಿಂತ ಕಡಿಮೆ ಸಾಲ ಕೆಟ್ಟ ಕರ್ಣಾಟಕ ಬ್ಯಾಂಕ್.

ಯಾಕೆ ಹೀಗಾಗುತ್ತದೆ ಎಂದು ಒಂದು ಉದಾಹರಣೆ ಲೆಕ್ಕ ಹಾಕಿ ನೋಡೋಣ. ಒಂದು ಕಂಪನಿಗೆ 500 ಕೋಟಿ ಸಾಲ ಕೊಡಲು ಮುಖ್ಯ ಕಚೇರಿಯಲ್ಲಿ ನಾಲ್ಕು ಜನ ಸಾಕು. ಅದೇ 500 ಕೋಟಿಯನ್ನು ತಲಾ ಒಂದು ಲಕ್ಷದ ಚಿನ್ನದ ಸಾಲವಾಗಿ ಕೊಡಬೇಕಾದರೆ 50,000 ಜನ ಕೌಂಟರಿಗೆ ಬರಬೇಕು. ಐವತ್ತು ಸಾವಿರ ಸಲ ಸರಾಫರು ಒರೆಗೆ ಹಚ್ಚಿ, ತೂಗಿ, ಕಲ್ಲಿನ ತೂಕ ಕಳೆದು ಚೀಟಿ ಬರೆಯಬೇಕು. ಐವತ್ತು ಸಾವಿರ ಪೊಟ್ಟಣ ಕಟ್ಟಿ ಸೀಲು ಹಾಕಿ ತಿಜೋರಿಗೆ ಸೇರಿಸಬೇಕು. ತಲಾ ವಹಿವಾಟಿನ ಅಂಕಿಯಲ್ಲಿ ಮೊದಲನೆಯದು ಅಗಾಧ ದಕ್ಷತೆ, ಎರಡನೆಯದು ದಂಡದ ಕೆಲಸ. ಆದರೆ ಕಂಪನಿ ಮುಳುಗಿದರೆ 500 ಕೋಟಿಯೂ ಒಟ್ಟಿಗೇ ಹೋಗುತ್ತದೆ. ಚಿನ್ನ ಇಟ್ಟ ಐವತ್ತು ಸಾವಿರ ಜನ ಒಟ್ಟಿಗೆ ಕೈಕೊಡುವುದಿಲ್ಲ, ಕೊಟ್ಟರೂ ಚಿನ್ನ ತಿಜೋರಿಯಲ್ಲೇ ಇರುತ್ತದೆ.

ಇನ್ನೊಂದು ವಿಷಯಕ್ಕೆ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಆ ಭಾಗಾಕಾರದಲ್ಲಿ ಕೆಳಗೆ ಬರುವ ‘ನೌಕರರು’ ಯಾರು? ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರುಮಾಡಿತು. ಏಜೆಂಟ್ ಮನೆಗೆ, ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಾದರೂ ಸರಿ ಎಂದು ತೆಗೆದುಕೊಂಡು ಬರೆದುಕೊಟ್ಟು ಹೋಗುತ್ತಿದ್ದ. ಕರಾವಳಿಯ ಎಷ್ಟೋ ಮದುವೆ, ಮನೆ, ಕಾಲೇಜು ಫೀಸು ಈ ಪಿಗ್ಮಿ ದುಡ್ಡಿನಿಂದ ಆಗಿದೆ. ಆ ಏಜೆಂಟರು ಬ್ಯಾಂಕಿನ ನೌಕರರೇ ಅಲ್ಲವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರು ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕಾರ್ಮಿಕರು ಹೌದು, ಆದರೆ ಕಾಯಂ ನೌಕರರಿಗೆ ಸಮ ಅಲ್ಲ ಎಂದು 2001ರಲ್ಲಿ ತೀರ್ಪು ಬಂತು. ಅವರು ತಂದ ಠೇವಣಿ ಭಾಗಾಕಾರದ ಮೇಲಿನ ಅಂಕಿಯಲ್ಲಿ ಬರುತ್ತದೆ. ಅವರು ಮಾತ್ರ ಕೆಳಗಿನ ಅಂಕಿಯಲ್ಲಿ ಇಲ್ಲ. ಇಂದು ಹಳ್ಳಿಯಲ್ಲಿ ಯಂತ್ರ ಹಿಡಿದು ಪಿಂಚಣಿ ಹಣ ಕೊಡುವ ಬ್ಯಾಂಕ್ ಮಿತ್ರರೂ ಹಾಗೆಯೇ. ಖಾಸಗಿ ಮತ್ತು ವಿದೇಶಿ ಬ್ಯಾಂಕುಗಳಿಗೆ ಕ್ರೆಡಿಟ್ ಕಾರ್ಡ್ ಮಾರಿಕೊಡುವ ಏಜೆನ್ಸಿ ಹುಡುಗ ಹುಡುಗಿಯರೂ ಹಾಗೆಯೇ. ಎಷ್ಟು ಕೆಲಸ ಹೊರಗುತ್ತಿಗೆಗೆ ಹೋಗುತ್ತದೋ ಬ್ಯಾಂಕು ಅಷ್ಟು ‘ದಕ್ಷ’ವಾಗಿ ಕಾಣುತ್ತದೆ.

ವಿಶ್ವವಿದ್ಯಾಲಯಗಳಲ್ಲಿ ಬಳಸುವ ಡೇಟಾ ಎನ್ವಲಪ್‌ಮೆಂಟ್ ವಿಧಾನ ಇದಕ್ಕಿಂತ ಸೂಕ್ಷ್ಮವಾದದ್ದು. ಒಂದು ಬ್ಯಾಂಕು ಎಷ್ಟು ಒಳಸುರಿಯಿಂದ, ಅಂದರೆ ಹಾಕಿದ ಹಣ, ಸಿಬ್ಬಂದಿ, ಶಾಖೆಗಳಿಂದ, ಎಷ್ಟು ಫಲ ತೆಗೆಯಿತು ಎಂದು ಉಳಿದವುಗಳ ಜೊತೆ ಇಟ್ಟು ಅದು ಅಳೆಯುತ್ತದೆ. ಅಲ್ಲೂ ಒಂದು ತೊಡಕಿದೆ. ಠೇವಣಿ ಒಳಸುರಿಯೋ, ಫಲವೋ? ಠೇವಣಿ ಸಂಗ್ರಹವೇ ಬ್ಯಾಂಕಿನ ಸೇವೆ ಎಂದುಕೊಂಡರೆ ಅದು ಫಲ. ಆಗ ಸಾವಿರಾರು ಶಾಖೆಗಳ ಸರ್ಕಾರಿ ಬ್ಯಾಂಕಿಗೆ ಹೆಚ್ಚು ಅಂಕ ಬರುತ್ತದೆ. ಠೇವಣಿ ಬರೀ ಸಾಲಕ್ಕೆ ಬೇಕಾದ ಕಚ್ಚಾವಸ್ತು ಎಂದುಕೊಂಡರೆ ಅದು ಒಳಸುರಿ. ಆಗ ಕಡಿಮೆ ಠೇವಣಿಯಿಂದ ಜಾಸ್ತಿ ಆದಾಯ ತೆಗೆಯುವ ವಿದೇಶಿ ಬ್ಯಾಂಕು ಮೇಲೆ ಬರುತ್ತದೆ. ಅದೇ ಬ್ಯಾಂಕು, ಅದೇ ವರ್ಷ, ಆದರೆ ಸ್ಥಾನ ಬೇರೆ. ಇಂಥ ಅಧ್ಯಯನ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಠೇವಣಿಯನ್ನು ಯಾವ ಕಡೆ ಇಟ್ಟಿದ್ದಾರೆ ಎನ್ನುವುದನ್ನು.

ಕಾರ್ಪೊರೇಷನ್ ಬ್ಯಾಂಕ್ ಹಾಳಾದದ್ದು ಹೇಗೆ

ಮಾಲೀಕತ್ವವೇ ಎಲ್ಲಕ್ಕೂ ಕಾರಣ ಎನ್ನುವವರು ಕಾರ್ಪೊರೇಷನ್ ಬ್ಯಾಂಕಿನ ಕಥೆಯನ್ನು ಗಮನವಿಟ್ಟು ನೋಡಬೇಕು. 2000ದ ದಶಕದಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಅಚ್ಚುಕಟ್ಟು ಎಂದರೆ ಇದೇ ಎನ್ನುವ ಹೆಸರು ಅದಕ್ಕಿತ್ತು. 2011ರ ಮಾರ್ಚ್‌ನಲ್ಲಿ ಅದರ ಒಟ್ಟು ಎನ್‌ಪಿಎ ಶೇ 1ರ ಆಸುಪಾಸು. ಏಳು ವರ್ಷದಲ್ಲಿ ಅದು 17 ದಾಟಿತು. ಈ ಏಳು ವರ್ಷಗಳಲ್ಲಿ ಮಾಲೀಕರು ಬದಲಾಗಲಿಲ್ಲ. ಮೊದಲೂ ಸರ್ಕಾರ, ಕೊನೆಗೂ ಸರ್ಕಾರ.

ಬದಲಾದದ್ದು ಸಾಲ ಹೋದ ದಿಕ್ಕು. ವಿದ್ಯುತ್ ಸ್ಥಾವರ, ಉಕ್ಕು, ರಸ್ತೆ ಎಂದು ದೇಶವೆಲ್ಲ ದೊಡ್ಡ ಯೋಜನೆಗಳ ಹುಮ್ಮಸ್ಸಿನಲ್ಲಿದ್ದ ಕಾಲ ಅದು. ದೀರ್ಘಾವಧಿ ಸಾಲ ಕೊಡುತ್ತಿದ್ದ ಹಳೆಯ ಅಭಿವೃದ್ಧಿ ಹಣಕಾಸು ಸಂಸ್ಥೆಗಳು ಆ ಹೊತ್ತಿಗೆ ಮಾಮೂಲಿ ಬ್ಯಾಂಕುಗಳಾಗಿ ಬದಲಾಗಿದ್ದವು. ಆ ಹೊರೆ ಸರ್ಕಾರಿ ಬ್ಯಾಂಕುಗಳ ಹೆಗಲಿಗೆ ಬಂತು. ಹತ್ತಾರು ಬ್ಯಾಂಕುಗಳು ಒಕ್ಕೂಟ ಮಾಡಿಕೊಂಡು ಒಂದೊಂದು ಯೋಜನೆಗೆ ಸಾಲ ಕೊಡುತ್ತಿದ್ದವು. ಮುಂದಾಳು ಬ್ಯಾಂಕು ಪರಿಶೀಲನೆ ಮಾಡಿದೆಯಲ್ಲ ಎಂದು ಉಳಿದವು ಸಹಿ ಹಾಕುತ್ತಿದ್ದವು. ಯೋಜನೆ ತಡವಾಗುತ್ತಿತ್ತು. ತಡವಾದಷ್ಟೂ ಬಡ್ಡಿ ಸೇರಿ ಸಾಲ ಬೆಳೆಯುತ್ತಿತ್ತು. ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಕೊಡುತ್ತಿದ್ದರು. ಪುಸ್ತಕದಲ್ಲಿ ಆ ಸಾಲ ಆರೋಗ್ಯವಾಗಿಯೇ ಕಾಣುತ್ತಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆ ರದ್ದುಮಾಡಿತು. ಕಲ್ಲಿದ್ದಲನ್ನೇ ನಂಬಿದ್ದ ಸ್ಥಾವರಗಳ ಸಾಲಕ್ಕೆ ಅದರಿಂದ ಇನ್ನೊಂದು ಏಟು ಬಿತ್ತು. 2015ರ ತಪಾಸಣೆ ಬಂದಾಗ ಎಲ್ಲ ಬಯಲಾಯಿತು.

ಹಾಗಾದರೆ ಕರ್ಣಾಟಕ ಬ್ಯಾಂಕ್ ಜಾಣ, ಅದಕ್ಕೇ ಉಳಿಯಿತು ಎನ್ನಬಹುದೇ? ಜಾಣತನವೂ ಇರಬಹುದು, ಆದರೆ ನಿಯಮವೂ ಒಂದು ಕಾರಣ. ಒಬ್ಬ ಸಾಲಗಾರನಿಗೆ ಬ್ಯಾಂಕು ತನ್ನ ಬಂಡವಾಳ ನಿಧಿಯ ಶೇ 15ರಷ್ಟು, ಮೂಲಸೌಕರ್ಯವಾದರೆ ಶೇ 20ರಷ್ಟು ಮಾತ್ರ ಕೊಡಬಹುದಿತ್ತು. 2,000 ಕೋಟಿ ಬಂಡವಾಳದ ಬ್ಯಾಂಕಾದರೆ 400 ಕೋಟಿಗಿಂತ ಮೇಲೆ ಹೋಗುವಂತಿಲ್ಲ. ಸಣ್ಣ ಬ್ಯಾಂಕು ದೊಡ್ಡ ಒಕ್ಕೂಟಕ್ಕೆ ಹೋದರೂ ಸಿಗುತ್ತಿದ್ದದ್ದು ಸಣ್ಣ ಪಾಲು. ವಿಜಯಾ ಕೂಡ ಸರ್ಕಾರಿ ಬ್ಯಾಂಕುಗಳಲ್ಲಿ ಸಣ್ಣದೇ. ಕರಾವಳಿಯ ಐದರಲ್ಲಿ ಆ ವರ್ಷ ಲಾಭದಲ್ಲಿದ್ದ ಎರಡೂ ವಹಿವಾಟಿನಲ್ಲಿ ಎಲ್ಲಕ್ಕಿಂತ ಚಿಕ್ಕವು ಎನ್ನುವುದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಆದರೂ ಮಾಲೀಕತ್ವಕ್ಕೆ ಪಾತ್ರವೇ ಇಲ್ಲ ಎಂದು ನಾನು ಹೇಳುವುದಿಲ್ಲ. ದಿಲ್ಲಿಯಲ್ಲಿ ಒಂದೇ ಮಾಲೀಕ ಕೂತು ಇಪ್ಪತ್ತು ಬ್ಯಾಂಕುಗಳಿಗೆ ಒಂದೇ ಹುಮ್ಮಸ್ಸು ತುಂಬಿದರೆ ಇಪ್ಪತ್ತೂ ಒಂದೇ ಗುಂಡಿಗೆ ಬೀಳುತ್ತವೆ. ಖಾಸಗಿ ಬ್ಯಾಂಕುಗಳ ತಪ್ಪುಗಳು ಚದುರಿರುತ್ತವೆ. ಹಾಗೆಂದು ಅವು ಸಣ್ಣ ತಪ್ಪುಗಳೇನಲ್ಲ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಗ್ರಾಹಕರು ಹಣ ತೆಗೆಯುವುದಕ್ಕೆ ಮಿತಿ ಬಿತ್ತು. ಅದನ್ನು ಎತ್ತಿ ಹಿಡಿಯಲು ಮುಂದೆ ನಿಂತದ್ದು ಸರ್ಕಾರಿ ಬ್ಯಾಂಕಾದ ಎಸ್‌ಬಿಐ. ಅದೇ ವರ್ಷದ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಸಿಂಗಪುರ ಮೂಲದ ಡಿಬಿಎಸ್‌ಗೆ ಸೇರಿಸಲಾಯಿತು. ಕೆಲವೇ ಶಾಖೆಗಳನ್ನಿಟ್ಟುಕೊಂಡಿದ್ದ ವಿದೇಶಿ ಬ್ಯಾಂಕೊಂದು ಒಂದೇ ದಿನದಲ್ಲಿ ಐನೂರಕ್ಕೂ ಜಾಸ್ತಿ ಶಾಖೆಗಳ ಒಡೆತನ ಪಡೆಯಿತು.

ಪಕ್ಕದಲ್ಲೊಂದು ವಿದೇಶಿ ಬ್ಯಾಂಕು

ಸಿಟಿಬ್ಯಾಂಕ್ 1902ರಲ್ಲೇ ಕಲ್ಕತ್ತಾಕ್ಕೆ ಬಂದದ್ದು. ಅಂದರೆ ನಮ್ಮ ಐದೂ ಬ್ಯಾಂಕುಗಳಿಗಿಂತ ಹಿರಿದು. ಅದು ತನ್ನ ಚಿಲ್ಲರೆ ವಹಿವಾಟನ್ನು, ಅಂದರೆ ವ್ಯಕ್ತಿಗಳ ಖಾತೆ, ಸಾಲ, ಕಾರ್ಡುಗಳ ವ್ಯವಹಾರವನ್ನು ಆಕ್ಸಿಸ್ ಬ್ಯಾಂಕಿಗೆ ಮಾರುವಾಗ ಹೊರಬಂದ ಅಂಕಿಗಳು ಕಣ್ಣು ತೆರೆಸುವಂತಿದ್ದವು. ಶಾಖೆ 21, ಊರು 18, ಗ್ರಾಹಕರು 30 ಲಕ್ಷ, ನೌಕರರು ಸುಮಾರು 3,600, ಠೇವಣಿ ಸುಮಾರು 50,200 ಕೋಟಿ. ಶಾಖೆಗೆ 2,390 ಕೋಟಿ ಠೇವಣಿ ಬಂತು. ಅದರಲ್ಲಿ ಶೇ 81ರಷ್ಟು ಚಾಲ್ತಿ ಮತ್ತು ಉಳಿತಾಯ ಖಾತೆಯದು, ಅಂದರೆ ಅಗ್ಗದ ಹಣ. ಕರ್ಣಾಟಕ ಬ್ಯಾಂಕಿಗೆ 2018ರಲ್ಲಿ 800ರಷ್ಟು ಶಾಖೆಗಳು, ಸುಮಾರು 62,900 ಕೋಟಿ ಠೇವಣಿ. ಶಾಖೆಗೆ 80 ಕೋಟಿಯೂ ಇಲ್ಲ.

ಯಾರು ದಕ್ಷ? ಸಿಟಿ ಅನ್ನುವುದು ಸುಲಭ. ಆದರೆ ಆ ದಕ್ಷತೆಯ ದೊಡ್ಡ ಪಾಲು ಗಿರಾಕಿಗಳ ಆಯ್ಕೆಯಲ್ಲೇ ಮುಗಿದಿತ್ತು. ದೊಡ್ಡ ಕಂಪನಿಗಳ ಸಂಬಳದ ಖಾತೆ, ನಗರದ ಶ್ರೀಮಂತರು, ಕ್ರೆಡಿಟ್ ಕಾರ್ಡ್. ಸಿಂಡಿಕೇಟ್ ಬ್ಯಾಂಕ್ ಹೊತ್ತದ್ದು ಬೇರೆ ಕೆಲಸ. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕು ಪ್ರಥಮಾ ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಶುರುವಾದಾಗ ಅದರ ಪ್ರಾಯೋಜಕ ಬ್ಯಾಂಕು ಮಣಿಪಾಲದ ಸಿಂಡಿಕೇಟ್. 1969ರಲ್ಲಿ ದೇಶದಲ್ಲಿ 64 ಸಾವಿರ ಜನಕ್ಕೆ ಒಂದು ಬ್ಯಾಂಕ್ ಶಾಖೆ ಇತ್ತು. 1990ರ ಹೊತ್ತಿಗೆ ಅದು ಹದಿನಾಲ್ಕು ಸಾವಿರಕ್ಕೆ ಒಂದರ ಹತ್ತಿರ ಬಂತು. ಆ ಶಾಖೆಗಳಲ್ಲಿ ಎಷ್ಟೋ ಲಾಭ ಮಾಡಲಿಲ್ಲ. 2014ರಿಂದೀಚೆಗೆ ತೆರೆದ ಜನಧನ ಖಾತೆಗಳಲ್ಲಿಯೂ ನಾಲ್ಕರಲ್ಲಿ ಮೂರಕ್ಕಿಂತ ಜಾಸ್ತಿ ಸರ್ಕಾರಿ ಬ್ಯಾಂಕುಗಳಲ್ಲೇ ಇವೆ. ಸರ್ಕಾರಿ ಬ್ಯಾಂಕಿನ ಕೌಂಟರಿನ ಮುಂದೆ ಕಾದು ಸಾಕಾಗಿ ನಾವು ಬೈಯುತ್ತೇವೆ, ಬೈಯುವುದು ತಪ್ಪೂ ಅಲ್ಲ. ಆದರೆ ಆ ಸಾಲಿನಲ್ಲಿ ನಮ್ಮ ಮುಂದೆ ನಿಂತವರು ವೃದ್ಧಾಪ್ಯ ವೇತನಕ್ಕೆ ಬಂದವರು, ಪಾಸ್‌ಬುಕ್ ಎಂಟ್ರಿ ಮಾಡಿಸಲು ಬಂದವರು, ಚಲನ್ ಬರೆಯಲು ಬಾರದವರು. ಅವರಿಗಾಗಿ ಆ 21 ಶಾಖೆಗಳನ್ನು ತೆರೆದದ್ದಲ್ಲ.

ಇಷ್ಟು ಚೆನ್ನಾಗಿದ್ದ ವಹಿವಾಟನ್ನು ಸಿಟಿ ಯಾಕೆ ಮಾರಿತು? 2021ರ ಏಪ್ರಿಲ್‌ನಲ್ಲಿ ಅದು 13 ದೇಶಗಳ ಚಿಲ್ಲರೆ ಬ್ಯಾಂಕಿಂಗ್‌ನಿಂದ ಹೊರಬರುವುದಾಗಿ ಹೇಳಿತು. ಅಲ್ಲಿ ಪೈಪೋಟಿಗೆ ಬೇಕಾದ ಗಾತ್ರ ತನಗಿಲ್ಲ ಎಂಬುದು ಅದು ಕೊಟ್ಟ ಕಾರಣ. ನ್ಯೂಯಾರ್ಕಿನ ಮಾಲೀಕರಿಗೆ ಆ ಬಂಡವಾಳಕ್ಕೆ ಬೇರೆ ಕಡೆ ಹೆಚ್ಚು ಫಲ ಕಂಡಿತು. 2023ರ ಮಾರ್ಚ್ 1ರಂದು 11,603 ಕೋಟಿ ರೂಪಾಯಿಗೆ ಕೈ ಬದಲಾಯಿತು. ದಕ್ಷತೆಗೆ ಬೆಲೆ ಸಿಕ್ಕಿತು, ಆ ಬೆಲೆ ಮಾಲೀಕರಿಗೆ ಹೋಯಿತು.

ವಿಜಯಾಕ್ಕೆ ಸಿಕ್ಕದ್ದು

ನನಗೆ ಈ ಪ್ರಕರಣದ ತಿರುಳು ಇಲ್ಲಿದೆ. ಮೂರು ಬಗೆಯ ಮಾಲೀಕರ ನಡುವಿನ ನಿಜವಾದ ವ್ಯತ್ಯಾಸ ಕೌಂಟರಿನಲ್ಲಿ ಕಾಣುವುದಿಲ್ಲ. ಒಂದು ಬ್ಯಾಂಕು ಚೆನ್ನಾಗಿ ಕೆಲಸ ಮಾಡಿದರೆ ಮುಂದೆ ಅದಕ್ಕೆ ಏನಾಗುತ್ತದೆ ಎನ್ನುವುದರಲ್ಲಿ ಕಾಣುತ್ತದೆ.

ಕಾರ್ಪೊರೇಷನ್ ಬ್ಯಾಂಕ್ 2017ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಪಿಸಿಎ ನಿರ್ಬಂಧಕ್ಕೆ, ಅಂದರೆ ದುರ್ಬಲ ಬ್ಯಾಂಕುಗಳ ಮೇಲೆ ಹೇರುವ ತಿದ್ದುಪಡಿ ಕ್ರಮಕ್ಕೆ ಒಳಗಾಯಿತು. ಹೊಸ ಸಾಲಕ್ಕೆ, ಶಾಖೆ ವಿಸ್ತರಣೆಗೆ ಕಡಿವಾಣ ಬಿತ್ತು. 2019ರ ಫೆಬ್ರವರಿಯಲ್ಲಿ ಸರ್ಕಾರ ಒಂದೇ ಸಲಕ್ಕೆ 9,086 ಕೋಟಿ ಬಂಡವಾಳ ಸುರಿದು ಅದನ್ನು ಹೊರತಂದಿತು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿಗೆ ಸೇರಿತು.

ಲಾಭದಲ್ಲಿದ್ದ ವಿಜಯಾಕ್ಕೆ ಅದಕ್ಕೂ ಮೊದಲೇ ತೆರೆ ಬಿತ್ತು. 2018ರ ಸೆಪ್ಟೆಂಬರ್ 17ರಂದು ಬ್ಯಾಂಕ್ ಆಫ್ ಬರೋಡಾ, ವಿಜಯಾ, ದೇನಾ ಈ ಮೂರರ ವಿಲೀನ ಘೋಷಣೆಯಾಯಿತು. ಎರಡು ಗಟ್ಟಿ ಬ್ಯಾಂಕು, ಒಂದು ದುರ್ಬಲ ಬ್ಯಾಂಕು ಸೇರಿದರೆ ಒಂದು ದೊಡ್ಡ ಗಟ್ಟಿ ಬ್ಯಾಂಕು ಆಗುತ್ತದೆ ಎಂಬುದು ಸರ್ಕಾರದ ಲೆಕ್ಕ. ದುರ್ಬಲ ಎಂದರೆ ದೇನಾ, ಅದರ ಎನ್‌ಪಿಎ ಶೇ 22. ಕರಾವಳಿಯಲ್ಲಿ ಪ್ರತಿಭಟನೆಗಳಾದವು. 2018ರ ಡಿಸೆಂಬರ್ 26ರಂದು ದೇಶಾದ್ಯಂತ ಬ್ಯಾಂಕ್ ಮುಷ್ಕರವೂ ಆಯಿತು. ವಿಜಯಾದ ಸಾವಿರ ಷೇರಿಗೆ ಬರೋಡಾದ 402 ಷೇರು ಎಂದು ನಿಗದಿಯಾಯಿತು. 2019ರ ಏಪ್ರಿಲ್ 1ರಂದು ಬೋರ್ಡುಗಳು ಇಳಿದವು.

ಒಂದು ದಕ್ಷ ಬ್ಯಾಂಕನ್ನು ಕಟ್ಟಿದ ನೌಕರರು, ಮ್ಯಾನೇಜರುಗಳು ಇದರಿಂದ ಏನು ಕಲಿಯಬೇಕು? ಸಾಲ ಕೊಡುವಾಗ ಹತ್ತು ಸಲ ನೋಡಿ ಕೊಟ್ಟ ಬ್ಯಾಂಕೂ ಹೋಯಿತು, ಕಣ್ಣು ಮುಚ್ಚಿ ಸಹಿ ಹಾಕಿದ ಬ್ಯಾಂಕೂ ಹೋಯಿತು. ಹೋಗಬೇಕಾದರೆ ಒಂದಕ್ಕೆ ಒಂಬತ್ತು ಸಾವಿರ ಕೋಟಿ ಸಿಕ್ಕಿತು, ಇನ್ನೊಂದರ ಬಲ ಬೇರೆಯವರ ಗಾಯಕ್ಕೆ ಮುಲಾಮಾಯಿತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ಬ್ಯಾಂಕು ಬೇಕು ಎನ್ನುವ ವಾದ ನನಗೆ ಅರ್ಥವಾಗುತ್ತದೆ. ತಂತ್ರಜ್ಞಾನದ ಖರ್ಚು ಹಂಚಿಹೋಗುತ್ತದೆ, ಒಂದೇ ಬೀದಿಯ ಎರಡು ಶಾಖೆ ಒಂದಾಗುತ್ತದೆ. ಆದರೆ ಈ ಲೇಖನದ ಅಂಕಿಗಳನ್ನೇ ನೋಡಿ. 2018ರಲ್ಲಿ ಕರಾವಳಿಯ ಬ್ಯಾಂಕುಗಳಲ್ಲಿ ಸೋತದ್ದು ದೊಡ್ಡವು, ಗೆದ್ದದ್ದು ಚಿಕ್ಕವು. ಅದರಿಂದ ಕಲಿಯಬೇಕಾದ ಪಾಠಕ್ಕೆ ತದ್ವಿರುದ್ಧವಾದ ತೀರ್ಮಾನ ದಿಲ್ಲಿಯಲ್ಲಿ ಆಯಿತು.

ಏಳು ವರ್ಷದ ನಂತರ

2025ರ ಮಾರ್ಚ್ ಲೆಕ್ಕ ಬಂದಾಗ ಚಿತ್ರ ಬೇರೆಯೇ ಇತ್ತು. ಸಿಂಡಿಕೇಟನ್ನು ಸೇರಿಸಿಕೊಂಡ ಕೆನರಾ ಬ್ಯಾಂಕಿಗೆ ಆ ವರ್ಷ 17,027 ಕೋಟಿ ಲಾಭ. ಒಟ್ಟು ಎನ್‌ಪಿಎ ಶೇ 2.94. ಕರ್ಣಾಟಕ ಬ್ಯಾಂಕಿಗೆ 1,272 ಕೋಟಿ ಲಾಭ, ಎನ್‌ಪಿಎ ಶೇ 3.08. ಏಳು ವರ್ಷದ ಹಿಂದೆ ಸಾಲದ ಗುಣಮಟ್ಟದಲ್ಲಿ ಬಹಳ ಹಿಂದಿದ್ದ ಸರ್ಕಾರಿ ಬ್ಯಾಂಕು ಕೂದಲೆಳೆಯಷ್ಟು ಮುಂದೆ ಬಂದಿದೆ.

ವಿಲೀನದಿಂದಲೇ ಹೀಗಾಯಿತೇ? ನನಗೆ ಹಾಗನಿಸುವುದಿಲ್ಲ. 2016-17ರಿಂದ 2020-21ರವರೆಗೆ ಸರ್ಕಾರ ತನ್ನ ಬ್ಯಾಂಕುಗಳಿಗೆ ಸುಮಾರು 3.11 ಲಕ್ಷ ಕೋಟಿ ರೂಪಾಯಿ ಬಂಡವಾಳ ಹಾಕಿತು, ಹೆಚ್ಚಿನದ್ದು ಬಾಂಡುಗಳ ರೂಪದಲ್ಲಿ. ದಿವಾಳಿ ಸಂಹಿತೆ ಬಂದಮೇಲೆ ಒಂದಿಷ್ಟು ಹಣ ವಸೂಲಾಯಿತು. ದೊಡ್ಡ ಮೊತ್ತದ ಹಳೆಯ ಸಾಲಗಳನ್ನು ಪುಸ್ತಕದಿಂದ ತೆಗೆಯಲಾಯಿತು. ಹೀಗೆ ತೆಗೆದಾಗಲೂ ಎನ್‌ಪಿಎ ಪ್ರಮಾಣ ಇಳಿಯುತ್ತದೆ. ಕಂಪನಿ ಸಾಲದಿಂದ ಸುಟ್ಟ ಕೈ ಮನೆ ಸಾಲ, ಚಿನ್ನದ ಸಾಲ, ಕೃಷಿ ಸಾಲದ ಕಡೆ ತಿರುಗಿತು. ಅಂದರೆ ದೊಡ್ಡ ಬ್ಯಾಂಕು ಚಿಕ್ಕ ಬ್ಯಾಂಕಿನ ಹಾದಿ ಹಿಡಿದ ಮೇಲೆ ಆರೋಗ್ಯ ಸುಧಾರಿಸಿತು. ಕರ್ಣಾಟಕ ಬ್ಯಾಂಕಿನ ಷೇರುದಾರರು ಮಾತ್ರ ಈ ಅವಧಿಯಲ್ಲಿ ತೆರಿಗೆದಾರರ ಹತ್ತಿರ ಒಂದು ರೂಪಾಯಿಯನ್ನೂ ಕೇಳಲಿಲ್ಲ. ದಕ್ಷತೆಯ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಬೇಕಾಗಿತ್ತು.

ಖಾಸಗಿ ಕಡೆಯ ಖರ್ಚೂ ಪಟ್ಟಿಯಲ್ಲಿ ಪೂರ್ತಿ ಕಾಣುವುದಿಲ್ಲ. ಆಯ್ದ ಖಾಸಗಿ ಬ್ಯಾಂಕುಗಳಲ್ಲಿ ವರ್ಷಕ್ಕೆ ನಾಲ್ವರಲ್ಲಿ ಒಬ್ಬ ನೌಕರ ಕೆಲಸ ಬಿಡುತ್ತಿದ್ದಾನೆ ಎಂದು 2024ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತು. ಸಾಲ ಕೊಟ್ಟವರು ವಸೂಲಿಯ ಹೊತ್ತಿಗೆ ಇರುವುದಿಲ್ಲ ಎಂದರೆ ಅದರ ಪರಿಣಾಮ ಗೊತ್ತಾಗಲು ಕೆಲವು ವರ್ಷ ಬೇಕು.

ಮಂಗಳೂರಿನಲ್ಲಿ ಈಗ ಐದರಲ್ಲಿ ಒಂದರ ಪ್ರಧಾನ ಕಚೇರಿ ಮಾತ್ರ ಉಳಿದಿದೆ, ಕರ್ಣಾಟಕ ಬ್ಯಾಂಕಿನದು. ಅದಕ್ಕೆ ಸರ್ಕಾರವೂ ಮಾಲೀಕನಲ್ಲ, ಒಂದು ಮನೆತನವೂ ಮಾಲೀಕನಲ್ಲ. ಷೇರು ಲಕ್ಷಾಂತರ ಜನರ ಕೈಯಲ್ಲಿ ಚದುರಿದೆ. 2025ರ ಜೂನ್‌ನಲ್ಲಿ ಅದರ ವ್ಯವಸ್ಥಾಪಕ ನಿರ್ದೇಶಕರೂ ಕಾರ್ಯನಿರ್ವಾಹಕ ನಿರ್ದೇಶಕರೂ ರಾಜೀನಾಮೆ ಕೊಟ್ಟರು. ದೊಡ್ಡ ಬ್ಯಾಂಕುಗಳು ಮೊಬೈಲ್ ಆ್ಯಪ್ ಹಿಡಿದು ಹಳ್ಳಿಯ ಠೇವಣಿಗೂ ಕೈಹಾಕಿರುವಾಗ ಉಳಿತಾಯ ಖಾತೆಯ ಅಗ್ಗದ ಹಣವನ್ನು ಉಳಿಸಿಕೊಳ್ಳುವುದು ಅದಕ್ಕೆ ಕಷ್ಟವಾಗಿದೆ. ನೂರು ವರ್ಷ ದಾಟಿದ ಈ ಬ್ಯಾಂಕನ್ನು ಎಚ್‌ಡಿಎಫ್‌ಸಿಯ ಪಕ್ಕ ನಿಲ್ಲಿಸಿ ಯಾರಾದರೂ ಅಂಕ ಕೊಟ್ಟರೆ ಅದು ಸೋಲುತ್ತದೆ. ವಿಜಯಾ ಇನ್ನೂ ಇದ್ದಿದ್ದರೆ ಅದರ ಪಕ್ಕ ನಿಲ್ಲಿಸಿ ನೋಡಬಹುದಿತ್ತು. ಆಗ ಸರ್ಕಾರಿ ಮತ್ತು ಖಾಸಗಿಯ ಹೋಲಿಕೆಗೆ ದೇಶದಲ್ಲೇ ಇದಕ್ಕಿಂತ ನ್ಯಾಯವಾದ ಜೋಡಿ ಸಿಗುತ್ತಿರಲಿಲ್ಲ.